ಅಕ್ಕನ ಊರಿನ ಉತ್ತರ

ಬೇಲೆಕೇರಿ ಹತ್ತಿರದ ನಮ್ಮೂರ ಹೊಳೆಗೆ ಈಗ ಕೆಂಪು ಮಣ್ಣು ತುಂಬಿದ್ದಾರೆ. ಕಡಲಿನ ಇಳಿತದ ಹೊತ್ತಿಗೆ ಅವ್ವ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದುದು ಅಲ್ಲೇ. ಆ ಚಿಪ್ಪುಗಳನ್ನು ಅಂಕೋಲೆಯ ಪೇಟೆಯಲ್ಲಿ ಮಾರಿಯೇ ಅವಳು ಅಕ್ಕನನ್ನೂ ನನ್ನನ್ನೂ ಸಾಕಿದಳು. ಅಕ್ಕನ ಅತ್ತೆ ಆಡಿದ ಒಂದು ಒಳ್ಳೆಯ ಮಾತಿನಿಂದ ಆ ಹೊಳೆ ಹೋಯಿತು ಎಂದರೆ ಯಾರೂ ನಂಬುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಅಮದಳ್ಳಿ ಕಡೆಗೆ. ಅಲ್ಲೂ ಇಂಥದೇ ಒಂದು ಹೊಳೆ. ನಾನು ಅಲ್ಲಿಗೆ ಹೋಗಿದ್ದಾಗ ಸರ್ವೆಯ ಹುಡುಗಿಯೊಬ್ಬಳು ಬಂದು ಅಕ್ಕನ ಅತ್ತೆಯನ್ನು ಕೇಳಿದಳು: ಈ ಹೊಳೆ ಹೀಗೇ ಉಳಿಯಬೇಕೆಂದರೆ ನೀವು ವರ್ಷಕ್ಕೆ ಎಷ್ಟು ದುಡ್ಡು ಕೊಡುತ್ತೀರಿ?

"ಎಂತ ಕೇಳ್ತೆ ತಂಗೀ? ಹೆತ್ತ ತಾಯಿಗೆ ಯಾರಾದ್ರೂ ಬಾಡಿಗೆ ಕೊಡ್ತ್ರಾ? ಒಂದು ಪೈಸೆನೂ ಕೊಡೂದಿಲ್ಲ, ಬರ್ಕೋ."

ಹುಡುಗಿ ಬರೆದುಕೊಂಡಳು. ಜಗಲಿಯಲ್ಲಿದ್ದ ನಾವೆಲ್ಲ ನಕ್ಕೆವು. ಅಕ್ಕನಿಗೆ ಎಂಥ ಅತ್ತೆ ಸಿಕ್ಕಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು. ಆ ಕೇರಿಯ ಹೆಂಗಸರೆಲ್ಲ ಹೆಚ್ಚುಕಡಿಮೆ ಇದೇ ಉತ್ತರ ಕೊಟ್ಟರಂತೆ.

ಮರುವರ್ಷ ನಮ್ಮೂರಲ್ಲಿ ಸಭೆ ಕರೆದರು. ಹೊಳೆಗೆ ಮಣ್ಣು ತುಂಬಿ ಲಾರಿ ನಿಲ್ಲಿಸುವ ಜಾಗ ಮಾಡುತ್ತಾರೆ ಎಂದು ಆಗಲೇ ತಿಳಿದದ್ದು. ಕಂಪನಿ ಕಡೆಯ ಸಾಹೇಬರು ನಯವಾಗಿ ವಿವರಿಸಿದರು. ಇಲ್ಲಿ ಬೇರೆ ಸರ್ವೆ ಬೇಕಿಲ್ಲ. ಅಮದಳ್ಳಿ ಕಡೆ ಇಂಥದೇ ಹೊಳೆ, ಇಂಥದೇ ಜನ. ಹೊಳೆಗಾಗಿ ಏನೂ ಕೊಡುವುದಿಲ್ಲ ಎಂದು ಅಲ್ಲಿಯವರೇ ಹೇಳಿದ್ದಾರೆ. ಉಳಿಸಿಕೊಳ್ಳಲು ಜನ ಎಷ್ಟು ಕೊಡುತ್ತಾರೋ ಅದೇ ಹೊಳೆಯ ಬೆಲೆ; ಆ ಲೆಕ್ಕದಲ್ಲಿ ಇಲ್ಲಿನ ಹೊಳೆಗೂ ಬೆಲೆ ಬರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ. ಆ ಮಾತಿನ ಅರ್ಥ ಅದಲ್ಲ, ನಾನೇ ಅಲ್ಲಿದ್ದೆ ಎಂದು ಎದ್ದು ನಿಂತು ಕೂಗಾಡಿದೆ. ಸಾಹೇಬರು ತಲೆಯಾಡಿಸಿ ಮುಂದಿನವರನ್ನು ಕರೆದರು. ಅವತ್ತು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಳೆಗಾಲಕ್ಕೆ ಮೊದಲೇ ಹೊಳೆ ತುಂಬಿಸಿ ಮುಗಿಸಿದರು. ಮುದಿ ವಯಸ್ಸಿನಲ್ಲಿ ಅವ್ವ ಭಾವಿಕೇರಿಯ ಗದ್ದೆಗಳಿಗೆ ಕೂಲಿಗೆ ಹೋಗತೊಡಗಿದಳು. ಕರೆಯದ ದಿನಗಳೇ ಹೆಚ್ಚು. ಯಾರನ್ನೂ ಬೈಯುವುದಿಲ್ಲ, ನನಗೆ ಅದೇ ಹೆಚ್ಚು ಸಂಕಟ.

ಮೊನ್ನೆ ಅಕ್ಕನ ಅತ್ತೆ ಬಂದಿದ್ದರು. ಅವ್ವನ ಕೈ ಹಿಡಿದುಕೊಂಡು ಅತ್ತರು.

"ನನ್ನ ಬಾಯಿಂದ್ಲೇ ನಿಮ್ಮ ಹೊಳಿ ಹೋಯ್ತು ಅಕ್ಕಾ. ನಿಮ್ಮನ್ನೇ ಬಂದು ಕೇಳಿದ್ರೆ ಉಳೀತಿತ್ತೇನೋ."

ಅವ್ವ ಚಾ ಲೋಟವನ್ನು ಅವರ ಮುಂದೆ ಸರಿಸಿದಳು.

"ನನ್ನ ಕೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ," ಎಂದಳು.