ಬಳುವಳಿಯಾಗಿ ಹೋದವಳು

ನನ್ನ ಮೊಮ್ಮಗಳು ಡಾಕ್ಟರೇಟಿಗೆ ಓದುತ್ತಿದ್ದಾಳೆ. ಇದನ್ನು ಬರೆಯುವಾಗಲೂ ಹಿಗ್ಗಿಗೆ ಕೈ ನಿಲ್ಲುತ್ತಿಲ್ಲ. ಈ ವಯಸ್ಸಿನಲ್ಲಿ ನನಗೆ ಅಕ್ಷರ ಕಲಿಸಿದವಳೂ ಅವಳೇ.

ಅವಳು ಓದುವುದು ಪೋರ್ಚುಗೀಸರ ಕಾಲದ ಗೋವಾದಲ್ಲಿ ಮನೆಮನೆಯಲ್ಲಿದ್ದ ಗುಲಾಮರ ವಿಷಯ. ಹೋದ ತಿಂಗಳು ಉಡಿಗಾಲದ ನಮ್ಮನೆಗೆ ಬಂದವಳು ಮುಖ ಬಾಡಿಸಿಕೊಂಡು ಕೂತಳು. ವಿದ್ವಾಂಸರಲ್ಲಿ ಎರಡು ಪಕ್ಷವಂತೆ. ಆ ಕಾಲದ ಹಳೆಯ ಕಾಗದಗಳನ್ನು ಓದಿ, ಒಡೆಯರು ಗುಲಾಮರಿಗೆ ಬಟ್ಟೆ ಕೊಟ್ಟರು, ಹೆಸರಿಟ್ಟರು, ಮನೆಯವರಂತೆ ನೋಡಿಕೊಂಡರು ಅನ್ನುವುದು ಒಂದು. ಅವೇ ಕಾಗದಗಳನ್ನು ಓದಿ, ಅಕ್ಕರೆ ಬೇರೆ, ಒಡೆತನ ಬೇರೆ ಅನ್ನುವುದು ಇನ್ನೊಂದು. ಅವಳ ಗೈಡ್ ಸರ್ ಮೊದಲನೇ ಪಕ್ಷ. ಸೆಮಿನಾರಿನಲ್ಲಿ ಅವರ ಎದುರೇ ಇವಳು ತನ್ನ ಪಕ್ಷ ಹೇಳಬೇಕು. ಅವರ ಸಹಿ ಇಲ್ಲದೆ ಡಾಕ್ಟರೇಟು ಇಲ್ಲ.

"ನಿಮ್ ಸರ್ ಸರಿಯಾಗೇ ಏಳವ್ರೆ ಕಣಮ್ಮಿ," ಅಂದೆ. "ನಾನೂ ಜೀತಕ್ಕಿದ್ದೋಳೆ. ಯಜಮಾನ್ರು ಮಗಳಂಗೆ ನೋಡ್ಕಂಡ್ರು. ಅವ್ರ ಮಗಳ್ನ ಗುಂಡ್ಲುಪೇಟೆಗೆ ಮದ್ವೆ ಮಾಡಿ ಕಳಿಸ್ದಾಗ ಜೊತೇಲಿ ನನ್ನೂ ಕಳಿಸುದ್ರು. ಅಷ್ಟು ನಂಬ್ಕೆ."

"ಇನ್ನೇನೇನು ಕಳಿಸುದ್ರಜ್ಜಿ?"

"ತಾಮ್ರದ ಅಂಡೆ, ಕೊಳದಪ್ಪಲೆ, ಒಂದು ಕರಾವಿನ ಅಸ. ಬಳುವಳಿ ಅಂದ್ರೆ ಅಷ್ಟಾದ್ರೂ ಬ್ಯಾಡ್ವಾ?"

"ನಿನ್ನ ಕೇಳುದ್ರಾ?"

"ಅಸೂನ ಕೇಳುದ್ರಾ, ನನ್ನ ಕೇಳಕ್ಕೆ?" ಅಂತ ನಕ್ಕೆ.

ಅವಳು ನಗಲಿಲ್ಲ. ಪೆನ್ನು ಹಿಡಿದು ಹಾಗೇ ನನ್ನನ್ನು ನೋಡಿದಳು. ಗಾಡಿಯ ಹಿಂದೆ ಹಸುವಿನ ಹಗ್ಗ ಹಿಡಿದು ನಡೆದದ್ದು, ಅವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತದ್ದು ಕಣ್ಣಿಗೆ ಬಂತು. ಇಷ್ಟು ವರ್ಷ ಅದನ್ನು ಹೆಮ್ಮೆ ಅಂತ ಹೇಳಿಕೊಂಡು ಬಂದಿದ್ದೆ.

"ಇದ್ನ ಬರೀಲಾ ಅಜ್ಜಿ? ಸರ್‌ಗೆ ಆಗಲ್ಲ."

"ಬರ್ಕೊ," ಅಂದೆ. ಅಂದಮೇಲೆ ಅವರ ಸಹಿಯ ನೆನಪಾಯಿತು.

ಸೆಮಿನಾರಿಗೆ ಚಾಮರಾಜನಗರಕ್ಕೆ ನಾನೂ ಹೋದೆ. ಅಷ್ಟು ಜನರ ಮುಂದೆ ಅವಳು ನಿಂತು ಮಾತಾಡುವುದು ನೋಡಿ ನನ್ನ ಎದೆ ಉಬ್ಬಿತು. ಎರಡೂ ಪಕ್ಷ ಬಿಡಿಸಿ ಹೇಳಿ, ತನ್ನದು ಎರಡನೆಯದು ಅಂದಳು. ನನ್ನ ಬಳುವಳಿಯ ಕಥೆಯನ್ನೂ, ನಾನು 'ಮಗಳಂಗೆ' ಅಂದದ್ದನ್ನೂ ಬಿಡದೆ ಹೇಳಿದಳು.

ಸರ್ ಮೆಲ್ಲಗೆ ಕೇಳಿದರು, "ಮಗಳ ಹಾಗೆ ನೋಡ್ಕೊಂಡ್ರು ಅಂತ ಆ ಹೆಂಗಸೇ ಹೇಳಿದ್ದಾರಲ್ಲಮ್ಮ?"

ನಾನು ಎದ್ದು ನಿಂತೆ. "ಏಳಿದ್ದೆ ಸ್ವಾಮಿ. ಅವ್ರ ಮಗಳು ವರ್ಷ ವರ್ಷ ತೌರಿಗೆ ಬತ್ತಿದ್ಲು. ನನ್ನ ಯಾರೂ ತೌರಿಗೆ ಕಳಿಸ್ನಿಲ್ಲ."

ಸರ್ ಕಾಗದಗಳನ್ನು ಜೋಡಿಸಿ ಫೈಲಿಗೆ ದಾರ ಕಟ್ಟಿದರು. ನನಗೆ ಕೈ ಮುಗಿದರು. ಮೊಮ್ಮಗಳ ಕಡೆ ತಿರುಗಲಿಲ್ಲ. ಅವರು ಸಹಿ ಹಾಕಬೇಕಾದ ಕಾಗದ ಇನ್ನೂ ಅವರ ಮೇಜಿನ ಮೇಲೇ ಇದೆ.