ಸರಸಮ್ಮ ತಂದ ಚಂದ್ರಿಕೆಗಳು

ಸರಸಮ್ಮನ ಮನೆಯಲ್ಲಿ ರೇಷ್ಮೆ ಹುಳ ಇರುವಷ್ಟು ದಿನ ಒಗ್ಗರಣೆಯ ಸದ್ದು ಕೇಳುವಂತಿರಲಿಲ್ಲ. ಘಾಟು ಹುಳಕ್ಕೆ ಆಗದೆಂದು ಹೊಗೆಸೊಪ್ಪು ಹಾಕುವ ನೆಂಟರು ಜಗಲಿಯಲ್ಲೇ ಮಾತು ಮುಗಿಸಿ ಹೋಗಬೇಕಿತ್ತು. ಸಾತನೂರಿನ ಹತ್ತಿರದ ಆ ಊರಿಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆಯ ಕೈಯಿಂದ ರೇಷ್ಮೆ ಹುಳದ ತಟ್ಟೆ ಇಸಿದುಕೊಂಡವಳು, ಐವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಮೊದಲ ಮಗಳು ಹುಟ್ಟಿದ್ದು ಹುಳ ನಾಲ್ಕನೇ ಜ್ವರದಿಂದ ಎದ್ದ ದಿನ. ನೋವು ಶುರುವಾದರೂ ‘ಹಸ್ದು ಎದ್ದವೆ, ಒಂದ್ ಸುತ್ತು ಸೊಪ್ಪು ಹಾಕಿ ಬತ್ತೀನಿ ಇರಿ’ ಅಂದಿದ್ದಳು ಎಂದು ಊರಲ್ಲಿ ಇವತ್ತಿಗೂ ನಗುತ್ತಾರೆ.

ಅಂಥವಳ ಮನೆಯಲ್ಲೇ ಕಳೆದ ಬೆಳೆಗೆ ಸುಣ್ಣಕಟ್ಟು ರೋಗ ಬಿತ್ತು. ಹುಳಗಳೆಲ್ಲ ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿಗಿದು ಸತ್ತವು. ಈ ರೋಗ ಗೋಡೆಗೂ ಅಂಟುತ್ತದೆ, ತಟ್ಟೆಗೂ ಅಂಟುತ್ತದೆ, ಚಂದ್ರಿಕೆಗಂತೂ ಬಿಡಿಸಲಾಗದ ಹಾಗೆ ಅಂಟುತ್ತದೆ. ಚಂದ್ರಿಕೆ ಅಂದರೆ ಆಳುದ್ದದ ಬಿದಿರು ಚಾಪೆ. ಅದರ ಮೇಲೆ ಬಿದಿರಿನದೇ ತೆಳು ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ, ಹುಳವನ್ನು ಆರಿಸಿ ಆ ಸುರುಳಿಗಳ ನಡುವೆ ಬಿಟ್ಟರೆ ಅದು ಅಲ್ಲೇ ಗೂಡು ಕಟ್ಟಿಕೊಳ್ಳುತ್ತದೆ. ಸರಸಮ್ಮ ತನ್ನ ಚಂದ್ರಿಕೆಗಳನ್ನೆಲ್ಲ ಹಿತ್ತಲಲ್ಲಿ ಒಟ್ಟಿ, ಊರಿಗೆಲ್ಲ ಕಾಣುವಂತೆ ಬೆಂಕಿ ಇಟ್ಟಳು.

ಗಂಡ ಬೋರಲಿಂಗಯ್ಯ ಕೂಗಾಡುವವನಲ್ಲ. ಮೆತ್ತಗೆ ಹೇಳುತ್ತಿದ್ದ, ಹೇಳಿದ್ದನ್ನು ಮಾಡುತ್ತಿದ್ದ. “ಇನ್ನೊಂದ್ ಬೆಳೆ ನೋಡ್ತೀನಿ ಕಣೆ. ಇದೂ ಕೈಕೊಟ್ರೆ ಹಿಪ್ನೇರ್ಳೆ ಕಿತ್ತಾಕಿ ಮಾವಿನ ಸಸಿ ನೆಟ್ಬುಡ್ತೀನಿ. ಆಮೇಲೆ ಈ ಮನೇಲಿ ಹುಳದ ಮಾತು ಎತ್ತಂಗಿಲ್ಲ” ಅಂದ.

ಆ ಇನ್ನೊಂದು ಬೆಳೆ ಮೇ ತಿಂಗಳಿಗೆ ಬಂತು, ಚೆನ್ನಾಗಿಯೇ ಬಂತು. ಆದರೆ ಹಣ್ಣು ಹುಳ ಬಿಡಲು ಚಂದ್ರಿಕೆ ಬೇಕಲ್ಲ? ಒಬ್ಬರ ಚಂದ್ರಿಕೆ ಇನ್ನೊಬ್ಬರು ಇಸಿದುಕೊಳ್ಳುವುದು ಊರಿನ ವಾಡಿಕೆ. ಸುಣ್ಣಕಟ್ಟಿದ ಮನೆಗೆ ಮಾತ್ರ ಯಾರೂ ಕೊಡುವುದಿಲ್ಲ. ಪಕ್ಕದ ಮನೆಯ ಮಾರಮ್ಮ, ಜೊತೆಗೇ ಸೊಸೆಯಾಗಿ ಬಂದವಳು, ಬೇಲಿಯಾಚೆಯಿಂದಲೇ ಹೇಳಿದಳು: “ಬ್ಯಾಸರ ಮಾಡ್ಕಬ್ಯಾಡ ಕಣ್ ಸರಸು. ನನ್ ಹುಳಾನೂ ಮೂರ್ನೇ ಜ್ವರದಾಗವೆ, ರೋಗ ಅಂಟ್ಕಂಡ್ರೆ?” ಸಾತನೂರಿನಲ್ಲಿ ಬಾಡಿಗೆಗೆ ಕೊಡಲು ಒಪ್ಪಿಕೊಂಡಿದ್ದವನು ರೋಗದ ಸುದ್ದಿ ಕೇಳಿ ಫೋನ್ ಎತ್ತುವುದನ್ನೇ ಬಿಟ್ಟ. ಅಷ್ಟರಲ್ಲಿ ಬಿಸಿಲ ಕಾವಿಗೆ ಹುಳ ಲೆಕ್ಕಕ್ಕಿಂತ ಮೊದಲೇ ಹಣ್ಣಾಗತೊಡಗಿದವು. ಬೆಳಿಗ್ಗೆ ತಟ್ಟೆ ಬೆಳಕಿಗೆ ಹಿಡಿದಾಗ ಒಂದಷ್ಟು ಹುಳ ಸೊಪ್ಪು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಆಡಿಸುತ್ತಿದ್ದವು. ಸಂಜೆಯೊಳಗೆ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಲ್ಲೆಲ್ಲ ನೂಲು ಸುರಿಸಿ ಹಾಳಾಗುತ್ತವೆ.

ಚನ್ನಪಟ್ಟಣದ ಕಡೆ ರಾಮಲಿಂಗಯ್ಯ ಎಂಬ ಮುದುಕ ಹುಳ ಸಾಕುವುದನ್ನು ಬಿಟ್ಟಿದ್ದಾನೆ, ಅವನ ಚಂದ್ರಿಕೆ ಅಟ್ಟದ ಮೇಲಿವೆ ಎಂದು ಯಾರೋ ಹೇಳಿದರು. ಗೂಡ್ಸ್ ಗಾಡಿಗಳೆಲ್ಲ ಮಾವಿನಕಾಯಿ ಹೊರಲು ಹೋಗಿದ್ದವು. ಸಿಕ್ಕಿದ್ದು ಮದುವೆ ದಿಬ್ಬಣಕ್ಕೆ ಬಾಡಿಗೆ ಓಡಿಸುವ ಶಾಹಬಾಜನ ಹಳೇ ಸುಮೋ ಒಂದೇ. ಮೇಲೆ ಕಬ್ಬಿಣದ ಕ್ಯಾರಿಯರ್ ಇತ್ತು. ಗಂಡನನ್ನು ಹುಳದ ಕಾವಲಿಗೆ ಬಿಟ್ಟು ಸರಸಮ್ಮ ಹತ್ತಿ ಕೂತಳು.

ರಾಮಲಿಂಗಯ್ಯ ಅಟ್ಟದ ಏಣಿ ಹಿಡಿದುಕೊಂಡೇ ಕೇಳಿದ: “ಹೋದ್ ಬೆಳೆ ಹೆಂಗ್ ಬಂತವ್ವಾ?”

ಸರಸಮ್ಮ ಮುಚ್ಚಿಡಲಿಲ್ಲ. “ಸುಣ್ಣಕಟ್ಬುಡ್ತು, ಯಜಮಾನ್ರೇ.”

ಮುದುಕ ಏಣಿಯನ್ನು ಅವಳ ಕಡೆ ಸರಿಸಿದ. “ತಗೊಂಡೋಗು. ವಾಪಸ್ ಮಾತ್ರ ತರ್ಬ್ಯಾಡ ತಾಯಿ. ನನ್ ಮಂಡಿ ಇನ್ ಹುಳ ಸಾಕ್ಸಲ್ಲ.”

ಮೂವತ್ತು ಚಂದ್ರಿಕೆ ಅಂಗಳಕ್ಕೆ ಇಳಿದವು. ಒಂದೊಂದೂ ಕೈಗೆ ಹಗುರ. ಒಟ್ಟಿ ನಿಲ್ಲಿಸಿದರೆ ಸುಮೋ ಮರೆಯಾಗುವಷ್ಟಾಯಿತು. ಶಾಹಬಾಜ್ ಸೊಂಟದ ಮೇಲೆ ಕೈಯಿಟ್ಟ.

“ಅಮ್ಮಾ, ಈ ಗಾಡಿ ಮ್ಯಾಲೆ ಮದ್ವೆ ಮಂಚ ಹಾಕಿವ್ನಿ, ಬೀರು ಹಾಕಿವ್ನಿ. ಭಾರದ್ದಾದ್ರೆ ಅದ್ರ ಪಾಡಿಗೆ ಕೂತ್ಕತದೆ. ಇದು ಗಾಳಿಪಟ. ಅರ್ಧ ಈಗ, ಅರ್ಧ ಇನ್ನೊಂದ್ ಟ್ರಿಪ್ಪು.”

“ಇನ್ನೊಂದ್ ಟ್ರಿಪ್ಪಿಗೆ ಹುಳ ಕಾಯ್ತವೇನಪ್ಪ?”

ಅವನು ಕ್ಯಾರಿಯರ್ ಹತ್ತಿದ. ಕೆಳಗಿನಿಂದ ಸರಸಮ್ಮ ಒಂದೊಂದಾಗಿ ಎತ್ತಿಕೊಟ್ಟಳು. ಜೋಡಿಸುತ್ತ ಹೋದಂತೆ ಹೊರೆ ಕ್ಯಾರಿಯರ್ ದಾಟಿ ಮುಂದಿನ ಗಾಜಿನ ಮೇಲೆ ಒಂದು ಮೊಳ ಚಾಚಿತು. ಅವನು ನೈಲಾನ್ ಹಗ್ಗ ಎಸೆದು, ಅಡಿಯಿಂದ ಸುತ್ತಿ, ಮಂಡಿಯೂರಿ ಜಗ್ಗಿದ. ಬಿದಿರು ಚಟಚಟ ಅಂದಿತು. ಸರಸಮ್ಮನಿಗೆ ತನ್ನ ಬೆರಳನ್ನೇ ಮುರಿದಂತಾಯಿತು.

“ಬ್ಯಾಡ, ಬ್ಯಾಡ! ಒಸಿ ಸಡಿಲ ಬುಡಪ್ಪ. ಸುರುಳಿ ನಜ್ಜಾದ್ರೆ ಹುಳಕ್ಕೆ ಜಾಗ ಎಲ್ಲೈತೆ?”

“ಸಡಿಲ ಬುಟ್ರೆ ನಿಲ್ಲಲ್ಲಮ್ಮ.”

“ನಿಧಾನಕ್ಕೆ ಹೋಗು, ನಿಲ್ತದೆ. ನಾ ಹೇಳ್ತೀನಿ ಸಡಿಲ್ಸು.”

ಜಗಲಿಯಿಂದ ರಾಮಲಿಂಗಯ್ಯ ನಕ್ಕ. “ಏನ್ಲಾ ಸಾಬಿ, ಹೊರೆ ಕಟ್ತಿದ್ದೀಯೋ, ಹೆಣ್ಮಕ್ಳಿಗೆ ಜಡೆ ಹಾಕ್ತಿದ್ದೀಯೋ?”

“ಅಮ್ಮಾವ್ರ ಆರ್ಡರು ತಾತ” ಎಂದು ಶಾಹಬಾಜ್ ಹಗ್ಗ ಸಡಿಲಿಸಿ ಗಂಟು ಹಾಕಿದ. ಅವನ ಮುಖದಲ್ಲಿ ನಗು ಇರಲಿಲ್ಲ.

ಊರೊಳಗಿನ ರಸ್ತೆಯಲ್ಲಿ ಏನೂ ಆಗಲಿಲ್ಲ. ಗಂಡನ ಫೋನ್ ಬಂತು. “ಎಲ್ಲಿದ್ದೀಯೆ? ಎಲ್ಲಾ ಒಟ್ಗೇ ಹಣ್ಣಾದ್ವು. ಮೊರದಲ್ಲಿ ಆರ್ಸಿ ಸುರೀತಾವ್ನಿ, ಮೊರ ತುಂಬೋಗದೆ, ಗೋಡೆ ಹತ್ತಾವೆ.” ಅವಳು “ಬಂದೆ, ಬಂದೆ” ಅಂದಳು. ಆಮೇಲೆ, ನಿಧಾನಕ್ಕೆ ಹೋಗು ಅಂದವಳೇ, “ಒಸಿ ಜೋರಾಗಿ ಹೋಗಪ್ಪ” ಅಂದಳು.

ಕೆರೆ ಏರಿಯ ಮೇಲೆ ಗಾಳಿ ಅಡ್ಡ ಬೀಸಿತು. ಮೊದಲು ಮೇಲೆ ಪಟಪಟ ಸದ್ದು. ಶಾಹಬಾಜ್ ಬ್ರೇಕಿಗೆ ಕಾಲು ಕೊಡುವಷ್ಟರಲ್ಲಿ ಮುಂದಿನ ತುದಿ ಹೆಡೆಯಂತೆ ಎದ್ದಿತು. ಸರಸಮ್ಮ ಕಿಟಕಿಯಿಂದ ಕೈ ಚಾಚಿ ಹಗ್ಗ ಹಿಡಿದಳು. ಹಗ್ಗ ಅಂಗೈ ಸುಟ್ಟು ಜಾರಿಹೋಯಿತು. ಒಂದರ ಹಿಂದೆ ಒಂದು ಚಂದ್ರಿಕೆ ಹಾರಿದವು. ಹಿಂದೆ ಬರುತ್ತಿದ್ದ ಬೈಕಿನವನು ತಪ್ಪಿಸಿಕೊಂಡು, “ಜನ ಬದುಕ್ಬಾರ್ದೇನ್ರೀ!” ಎಂದು ಕಿರುಚಿದ. ಮಾವಿನಕಾಯಿ ಲಾರಿ ನಿಲ್ಲಿಸಲಾಗದೆ ಮೂರು ನಾಲ್ಕರ ಮೇಲೆ ಹರಿದುಹೋಯಿತು. ಹಾರಿದವುಗಳಲ್ಲಿ ಮಿಕ್ಕವು ಏರಿಯಿಂದ ಉರುಳಿ ನೀರಿಗೆ ಬಿದ್ದವು.

ಸರಸಮ್ಮ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದಳು. ಒಂದನ್ನು ಎಳೆದಳು, ಇನ್ನೊಂದಕ್ಕೆ ಕೈ ಹಾಕಿದಳು. ನೆಂದ ಚಂದ್ರಿಕೆಯಲ್ಲಿ ಗೂಡು ಕರೆ ಕಟ್ಟುತ್ತದೆ, ಅದು ಗೊತ್ತಿದ್ದೂ ಬಿಡಲಾಗಲಿಲ್ಲ.

“ಬನ್ನಿ ಮ್ಯಾಲಕ್ಕೆ!” ಶಾಹಬಾಜ್ ಏರಿಯ ಮೇಲಿಂದ ಕೂಗಿದ. “ಬಡ್ಕಂಡೆ ನಾನು, ಸಡಿಲ ನಿಲ್ಲಲ್ಲ ಅಂತ! ಆ ಬೈಕಿನವ್ನು ಸತ್ತಿದ್ರೆ ಜೈಲಿಗೆ ಯಾರು, ನೀವಾ ನಾನಾ?”

ಅವಳು ಕೈಯಲ್ಲಿದ್ದ ಚಂದ್ರಿಕೆ ಬಿಟ್ಟು ಏರಿ ಹತ್ತಿದಳು. ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು. ಎತ್ತಲಿಲ್ಲ.

ಕ್ಯಾರಿಯರ್ ಮೇಲೆ ಉಳಿದದ್ದು ಹತ್ತೊಂಬತ್ತು. ಶಾಹಬಾಜ್ ಕ್ಯಾರಿಯರ್ ಅಂಚಿಗೆ ಕಾಲು ಕೊಟ್ಟು, ಮೈ ಹಿಂದಕ್ಕೆ ಎಸೆದು ಜಗ್ಗಿದ. ಸುರುಳಿಗಳು ಮುರಿಯುವ ಸದ್ದು ಸಾಲಾಗಿ ಕೇಳಿತು. ಸರಸಮ್ಮ ಇನ್ನೊಂದು ಕಡೆಯ ಹಗ್ಗವನ್ನು ಸುಟ್ಟ ಅಂಗೈಗೆ ಸುತ್ತಿಕೊಂಡು ತಾನೂ ಎಳೆದಳು.

“ಇನ್ನೊಂದ್ ಸುತ್ತು ಹಾಕು” ಅಂದಳು. ದನಿ ಅವಳದೇ ಅನ್ನಿಸಲಿಲ್ಲ.

ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಹುಳದ ಮನೆಯ ಗೋಡೆ, ಬಾಗಿಲ ಚೌಕಟ್ಟು, ವೈರು, ಎಲ್ಲೆಲ್ಲೂ ಹುಳ. ಎಷ್ಟೋ ಹುಳ ಗೋಡೆಗೇ ನೂಲು ಹಚ್ಚಿ ಕುಗ್ಗಿದ್ದವು. ಬೋರಲಿಂಗಯ್ಯ ಎರಡೂ ಕೈಯಲ್ಲಿ ಆರಿಸುತ್ತಿದ್ದವನು ತಲೆ ಎತ್ತಿ ಸುಮೋ ನೋಡಿದ, ಹೊರೆ ನೋಡಿದ, ಮತ್ತೆ ತಲೆ ತಗ್ಗಿಸಿದ.

ಹಣ್ಣು ಹುಳ ಆರಿಸುವಾಗ ನೆರೆಯ ಹೆಂಗಸರೆಲ್ಲ ಮುಯ್ಯಿಗೆ, ಕೆಲಸಕ್ಕೆ ಕೆಲಸ ಎಂದು, ಬರುತ್ತಾರೆ. ಅವತ್ತು ಯಾರೂ ಬಂದಿರಲಿಲ್ಲ. ಹೊರೆಯ ಗಂಟು ಬಿಗಿದುಹೋಗಿತ್ತು. ಶಾಹಬಾಜ್ ಕುಡುಗೋಲು ಇಸಿದುಕೊಂಡು ಹಗ್ಗ ಕೊಯ್ಯುತ್ತಿರುವಾಗ ಬೇಲಿ ದಾಟಿ ಮಾರಮ್ಮ ಬಂದಳು.

“ಒಳಿಕ್ ಬರಾಕಿಲ್ಲ ಕಣ್ ಸರಸು. ಮನೇಲಿ ಹುಳ ಅವೆ. ಹೊಸಲು ಗಂಟ ತಂದ್ಕೊಡ್ತೀನಿ, ನೀ ಒಳಗಿಂದ ಈಸ್ಕೊ.”

ಹಾಗೆಯೇ ನಡೆಯಿತು. ಶಾಹಬಾಜ್ ಇಳಿಸಿದ. ಮಾರಮ್ಮ ಒಂದೊಂದನ್ನೂ ಅಂಗಳದಲ್ಲಿ ಮಂಡಿಯ ಮೇಲಿಟ್ಟುಕೊಂಡು, ನಜ್ಜಾದ ಸುರುಳಿಗಳನ್ನು ಬೆರಳಿಂದ ನೆಟ್ಟಗೆ ಮಾಡಿ ಹೊಸಲ ಮೇಲೆ ಚಾಚಿದಳು. ಸರಸಮ್ಮ ಒಳಗೆ ತೆಗೆದುಕೊಂಡು ಹುಳ ಹರಡಿದಳು. ಹತ್ತೊಂಬತ್ತೂ ತುಂಬಿದ ಮೇಲೆ ಮಾರಮ್ಮ ಒಣ ತೊಗರಿ ಕಡ್ಡಿಯ ಕಂತೆ ತಂದು ಹೊಸಲಲ್ಲಿಟ್ಟಳು. ಮಿಕ್ಕ ಹುಳಕ್ಕೆ, ಏನೂ ಇಲ್ಲದಿದ್ದಕ್ಕೆ ಅದು. ಅದರಲ್ಲಿ ಕಟ್ಟಿದ ಗೂಡು ಗೂಡೆನ್ನಿಸಿಕೊಳ್ಳುವುದಿಲ್ಲ.

ಬೋರಲಿಂಗಯ್ಯ ಗೋಡೆಗೆ ಒರಗಿ ಮೆತ್ತಗೆ ಕೇಳಿದ: “ಇದನ್ನ ಬೆಳೆ ಬಂತು ಅನ್ನಬೇಕೇನೆ, ಹೋಯ್ತು ಅನ್ನಬೇಕಾ?”

“ಗೂಡು ಬಿಡ್ಸೋಗಂಟ ಆ ಮಾತು ಎತ್ಬ್ಯಾಡ” ಅಂದಳು ಸರಸಮ್ಮ. “ಆ ಮೂಲೇಲಿ ಇನ್ನೂ ಅವೆ, ಟಾರ್ಚು ಹಿಡಿ.”

ಗೂಡು ಬಿಡಿಸಿದಾಗ ಅರ್ಧ ಬೆಳೆಯೂ ಕೈಗೆ ಬಂದಿರಲಿಲ್ಲ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಗಂಡ ಒಬ್ಬನೇ ಹೋಗಿಬಂದ. ಮುಂಗಾರಿಗೆ ಮೇಲಿನ ಹೊಲದ ಹಿಪ್ಪುನೇರಳೆ ಕಿತ್ತು ಮಾವಿನ ಸಸಿ ನೆಟ್ಟ. ಬಾವಿಯ ಪಕ್ಕದ ತುಂಡನ್ನು ಮಾತ್ರ ಮುಟ್ಟಲಿಲ್ಲ. ಸಸಿ ನೆಡುವ ದಿನ ಸರಸಮ್ಮ ಆ ಕಡೆ ಹೋಗಲಿಲ್ಲ. ಬಾವಿಯ ಪಕ್ಕದಲ್ಲಿ ಕೂತು ಸಂಜೆಯವರೆಗೂ ಹಿಪ್ಪುನೇರಳೆಯ ಬುಡದ ಕಳೆ ಕಿತ್ತಳು.