ಥೂ ಎನ್ನುತ್ತಲೇ ತೊಳೆದ ಕಾಲು

ನನ್ನ ಗಂಡನಷ್ಟು ಹೇಸುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ. ಪಂಕ್ತಿಯಲ್ಲಿ ಯಾರಾದರೂ ಸೀನಿದರೆ ಎಲೆ ಬಿಟ್ಟು ಎದ್ದುಬಿಡುತ್ತಿದ್ದರು. ಶಿವಾಜಿನಗರದ ಬಸ್ಸಿನಲ್ಲಿ ಕಂಬಿಗೆ ಕರವಸ್ತ್ರ ಸುತ್ತಿ ಹಿಡಿದು, ಮನೆಗೆ ಬಂದ ಮೇಲೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದರು. ರಸೆಲ್ ಮಾರುಕಟ್ಟೆಗೆ ನನ್ನ ಜೊತೆ ಬಂದರೆ ಮಾಂಸದ ಅಂಗಡಿಗಳ ಗಾಳಿ ಬೀಸುವ ಕಡೆ ಸುಳಿಯದೆ, ಹೂವಿನವರ ಪಕ್ಕ ನಿಂತು ನಾನು ತರಕಾರಿ ತರುವವರೆಗೂ ಉಸಿರು ಬಿಗಿಹಿಡಿದವರಂತೆ ಕಾಯುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರ ಕೆಲಸವೂ ಅಂಥದ್ದೇ. ತಯಾರಾದ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ಎಲ್ಲಿ ಗೀರಿದೆ, ಎಲ್ಲಿ ಕಲೆಯಿದೆ ಎಂದು ಹುಡುಕುವುದು.

ಇಂಥವರ ಮನೆಯಲ್ಲಿ ನನಗೆ ಸಕ್ಕರೆ ಕಾಯಿಲೆ ಬಂತು.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ಹಲಸೂರು ಕೆರೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ನಾನು ವಿಮಾ ಕಚೇರಿಯಲ್ಲಿ ಟೈಪಿಸ್ಟ್. ನಲವತ್ತರ ಹತ್ತಿರದ ವಯಸ್ಸು. ಕಾಲು ಉರಿಯಲು ಶುರುವಾದಾಗ, ದಿನವಿಡೀ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂರುವುದರಿಂದ ಹೀಗೆ ಎಂದುಕೊಂಡೆ. ಆದರೆ ಅದು ಕೂತು ಬಂದ ನೋವಲ್ಲ. ಅಂಗಾಲಿಗೆ ಒಣಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಸೀರೆಯ ಅಂಚು ಪಾದಕ್ಕೆ ತಾಗಿದರೂ ಸಾಕು, ಕಿರಿಚಿಕೊಳ್ಳಬೇಕು ಅನಿಸುತ್ತಿತ್ತು. ಜೊತೆಗೆ ನೀಗದ ದಾಹ, ಮತ್ತೆ ಮತ್ತೆ ಬಚ್ಚಲಿಗೆ ಓಡುವುದು. ಬಚ್ಚಲಿನ ತೂಬಿನ ಸುತ್ತ ಕಟ್ಟಿರುವೆ ಸಾಲುಗಟ್ಟಿದವು. ನನ್ನ ಗಂಡ ಫಿನಾಯಿಲ್ ಸುರಿದು ಸುರಿದು ಸಾಕಾಗಿ, "ಈ ಮನೇಲಿ ಯಾರು ಬಚ್ಚಲಲ್ಲಿ ಬೆಲ್ಲ ತಿಂತಾರೆ?" ಎಂದು ರೇಗಿದರು.

ಬೆಲ್ಲ ಎಲ್ಲಿಂದ ಬರುತ್ತಿತ್ತೆಂದು ಹೇಳಿದ್ದು ಬೆನ್ಸನ್ ಟೌನಿನ ಲೇಡಿ ಡಾಕ್ಟರು. ಕಚೇರಿಯ ಗೆಳತಿಯೊಬ್ಬಳು ನನ್ನನ್ನು ಅವರ ಬಳಿ ಕಳಿಸಿದ್ದಳು. ತಮಿಳು ಬೆರೆತ ಕನ್ನಡ, ತುಸು ಗಡಸು ದನಿ, ವಯಸ್ಸಾದವರು. ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿ ನನ್ನ ಮುಂದೆಯೇ ತೋರಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಕದಡಿದ ಕೆಮ್ಮಣ್ಣಿನ ಬಣ್ಣಕ್ಕೆ ಬಂದು ನಿಂತಿತು.

"ನೀಲಿ ಇದ್ರೆ ಒಳ್ಳೇದು. ಕೆಂಪು ಆದ್ರೆ ತುಂಬಾ ಶುಗರ್ ಅಂತ ಅರ್ಥ. ಮನೇಲಿ ಹೀಗೇ ನೋಡ್ಕೋಬೇಕು. ಮಾತ್ರೆ ಬಿಡಬಾರ್ದು, ಅನ್ನ ಕಮ್ಮಿ, ಸಿಹಿ ಇಲ್ವೇ ಇಲ್ಲ. ಗೊತ್ತಾಯ್ತಾಮ್ಮಾ?"

"ಕಾಲುರಿಗೆ ಏನು ಕೊಡ್ತೀರಿ ಡಾಕ್ಟ್ರೇ?"

"ಅದಕ್ಕೂ ಇದೇ. ಶುಗರ್ ಇಳಿದ್ರೆ ಮೆತ್ತಗೆ ಅದೂ ಇಳಿಯುತ್ತೆ. ಅವಸರ ಮಾಡಬೇಡಿ."

ಅಡುಗೆಮನೆಯಲ್ಲಿ ಮೂತ್ರ ಕುದಿಸುವುದು ಸಾಧ್ಯವೇ ಇರಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೀಪ ಇಟ್ಟುಕೊಂಡೆ. ಕುದಿದ ಮೂತ್ರದ ವಾಸನೆ ಹಸಿ ಮೂತ್ರದ್ದಕ್ಕಿಂತ ಕೆಟ್ಟದ್ದು. ಮೂಗಿನಲ್ಲಿ ಕೂತರೆ ಏಳುವುದಿಲ್ಲ. ಆಮೇಲೆ ಕಾಫಿ ಕುಡಿದರೂ ಅದೇ, ಸಾರು ಕುದಿಸಿದರೂ ಅದೇ. ನನ್ನ ಗಂಡ ಆ ಹೊತ್ತಿಗೆ ಬೀದಿಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಅವರಿಗಿಂತ ಹೆಚ್ಚು ನನಗೇ ನನ್ನ ಮೇಲೆ ಹೇಸಿಗೆ. ನನ್ನೊಳಗಿನಿಂದ ಬಂದದ್ದಕ್ಕೆ ಇರುವೆ ಮುತ್ತುತ್ತದೆ, ಅದನ್ನು ನಾನೇ ಕುದಿಸಿ ಬಣ್ಣ ನೋಡಬೇಕು. ಇಂಥ ಗತಿ ಯಾವ ಶತ್ರುವಿಗೂ ಬೇಡ ಅನಿಸುತ್ತಿತ್ತು.

ಬಣ್ಣ ಕೆಂಪಿನಿಂದ ಹಳದಿಗೆ ಬಂತು. ಕಾಲುರಿ ಮಾತ್ರ ಹಾಗೇ ಇತ್ತು. ಆಗ ಕೆ.ಆರ್. ಪುರದಿಂದ ನನ್ನ ಗಂಡನ ಅಕ್ಕ ಬಂದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕೈಹಿಡಿದು ನಡೆಸುವಂಥ ಪ್ರೀತಿ ಅವರದು. ಎಲ್ಲಿಗೆ ನಡೆಸುತ್ತಾರೆ ಅನ್ನುವುದು ಮಾತ್ರ ಅವರಿಗೂ ತಿಳಿಯುತ್ತಿರಲಿಲ್ಲ. "ಇಂಗ್ಲಿಷ್ ಮಾತ್ರೆ ಬರೀ ಉಷ್ಣ ಕಣೇ. ಈ ಉರಿ ಅದರಿಂದಾನೇ. ನಿಲ್ಸು ಮೊದ್ಲು" ಎಂದರು. ಉರಿಯಿಂದ ಬೇಸತ್ತಿದ್ದ ನಾನು ನಿಲ್ಲಿಸಿದೆ. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ನೇರಳೆಬೀಜದ ಪುಡಿ, ಸಂಜೆ ಬೇವಿನ ಚಿಗುರಿನ ಉಂಡೆ. ಗಂಟಲಲ್ಲಿ ಇಳಿಯುವಾಗಲೇ ಮೇಲೆ ಬರುತ್ತಿತ್ತು. ಅಕ್ಕ ನನ್ನ ಬೆನ್ನು ನೀವುತ್ತಾ, "ನುಂಗ್ಬಿಡು, ಕಹಿ ಸಿಹೀನ ತಿನ್ನುತ್ತೆ" ಅನ್ನುತ್ತಿದ್ದರು.

ಆಮೇಲೆ ಎಣ್ಣೆ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಕ್ಕ ನನ್ನನ್ನು ಶಿವಾಜಿನಗರಕ್ಕೆ ಕರೆದೊಯ್ದರು. ಮಾರುಕಟ್ಟೆ ದಾಟಿದರೆ ಒಂದು ಸಂದಿ. ಅದರ ಬಾಯಲ್ಲಿ ಒಬ್ಬ ಗೋಣಿತಾಟಿನ ಮೇಲೆ ಮೊಳದುದ್ದದ, ಮುಳ್ಳುಬಾಲದ ಹಲ್ಲಿಗಳನ್ನು ಸಾಲಾಗಿ ಮಲಗಿಸಿದ್ದ. ಸತ್ತಿವೆ ಎಂದುಕೊಂಡೆ. ಹತ್ತಿರ ಹೋದರೆ ಗಂಟಲು ಮಿಡಿಯುತ್ತಿತ್ತು, ಕಣ್ಣು ಹೊರಳುತ್ತಿತ್ತು. ಓಡಿಹೋಗದಿರಲೆಂದು ಅವುಗಳ ಬೆನ್ನು ಮುರಿದಿದ್ದ. ಪಕ್ಕದಲ್ಲಿ ಸ್ಟೌವಿನ ಮೇಲೆ ಕರಿಬಾಣಲೆ. ಅವನು ಒಂದನ್ನು ಎತ್ತಿ, ಹೊಟ್ಟೆ ಸೀಳಿ, ಹಳದಿ ಕೊಬ್ಬನ್ನು ಬೆರಳಲ್ಲಿ ತೆಗೆದು ಬಾಣಲೆಗೆ ಹಾಕಿದ. ಚುರ್ ಅಂತು.

"ನರದ ಎಣ್ಣೆ ಅಮ್ಮಾ, ನಂಬರ್ ಒನ್. ಹಚ್ಚಿ ಶಾಖ ಕೊಟ್ರೆ ದರ್ದ್ ಎಲ್ಲಾ ಬಂದ್!"

ನಾನು ಅಕ್ಕನ ಸೆರಗು ಜಗ್ಗಿದೆ. "ಬೇಡ ಅಕ್ಕ, ಪಾಪ ಸುತ್ತಿಕೊಳ್ಳುತ್ತೆ."

"ಹಚ್ಚೋದು ತಾನೇ? ತಿನ್ನೋದೇನಲ್ವಲ್ಲ" ಎಂದ ಅಕ್ಕ ಸೀಸೆ ಮುಂದೆ ಹಿಡಿದರು. ಏಕಾದಶಿಗೆ ನೀರೂ ಮುಟ್ಟದ ಹೆಂಗಸು.

ಎಣ್ಣೆ ಹಳೇ ದೀಪದ ಬತ್ತಿಯ ಹಾಗೆ, ಕೊಳೆತ ಮೀನಿನ ಹಾಗೆ ನಾರುತ್ತಿತ್ತು. ನನ್ನ ಗಂಡನಿಗೆ ಅದು ಏನೆಂದು ಹೇಳಲಿಲ್ಲ, ನೋವಿನ ಎಣ್ಣೆ ಎಂದಷ್ಟೇ ಹೇಳಿದೆವು. ಅವರು ಹಾಸಿಗೆಯನ್ನು ನಡುಮನೆಗೆ ಒಯ್ದರು. ಅಕ್ಕ ದಿನವೂ ಸಂಜೆ ಎಣ್ಣೆ ತಿಕ್ಕಿ, ಒಲೆಯಲ್ಲಿ ಕಾಯಿಸಿದ ಇಟ್ಟಿಗೆಗೆ ಟವಲು ಸುತ್ತಿ ಪಾದದ ಕೆಳಗೆ ಇಡುತ್ತಿದ್ದರು. ಒಂದು ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಮಾತಿಗೆ ಕೂತಿದ್ದೆವು. ನನ್ನ ಕಾಲಿಗೆ ಹಿತವಾದ ಭಾರ ಮಾತ್ರ ಗೊತ್ತಾಗುತ್ತಿತ್ತು. ಕಾರ್ಖಾನೆಯಿಂದ ಬಂದ ನನ್ನ ಗಂಡ ಹೊಸ್ತಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು.

"ಏನೇ ಅದು? ಏನೋ ಬೆಂದ ವಾಸನೆ."

"ಹಾಲು ಉಕ್ಕಿರಬೇಕು, ನೋಡಿ" ಎಂದೆ.

ಹಾಲು ಉಕ್ಕಿರಲಿಲ್ಲ. ನಾನು ಕಾಲೆತ್ತಿದಾಗ ಕಿರುಬೆರಳಿನ ಕೆಳಗಿನ ಚರ್ಮ ಟವಲಿಗೇ ಅಂಟಿಕೊಂಡು ಬಂತು. ನನಗೆ ನೋವೇ ಆಗಲಿಲ್ಲ. ಕಿರಿಚಿದ್ದು ಅಕ್ಕ.

ಗಾಯಕ್ಕೆ ಅರಿಶಿನ ಮೆತ್ತಿದೆವು. ಅದು ಮೇಲೆ ಒಣಗಿ ಕೆಳಗೆ ಕೀವು ಕಟ್ಟಿತು. ಬೆರಳು ಕಪ್ಪಿಟ್ಟಿತು. ಕಚೇರಿಯಲ್ಲಿ ಪಕ್ಕದ ಮೇಜಿನವಳು ಬೆಳಿಗ್ಗೆ ಬರುತ್ತಲೇ ಊದಿನಕಡ್ಡಿ ಹಚ್ಚಲು ಶುರುಮಾಡಿದಳು. ಅವಳಿಗೆ ಇದ್ದಕ್ಕಿದ್ದಂತೆ ಭಕ್ತಿ ಬಂದದ್ದು ಯಾಕೆಂದು ಅರ್ಥವಾದ ದಿನ ನಾನು ನೇರವಾಗಿ ಬೆನ್ಸನ್ ಟೌನಿಗೆ ಹೋದೆ. ನನ್ನ ಗಂಡನೂ ಜೊತೆಗೆ ಬಂದರು.

ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರು. ಆಮೇಲೆ ಬೈದ ಬೈಗುಳ ತಮಿಳಿನಲ್ಲಿತ್ತು.

"ಉರಿ ಅಷ್ಟೊಂದು ಇತ್ತಲ್ಲ ಡಾಕ್ಟ್ರೇ, ಸುಟ್ಟಿದ್ದು ಹೇಗೆ ಗೊತ್ತಾಗ್ಲಿಲ್ಲ?" ಎಂದೆ.

"ನಿಮ್ ನರ ಕೆಟ್ಟಿದೆಮ್ಮಾ. ಕೆಟ್ಟ ರೇಡಿಯೋ ನೋಡಿದೀರಲ್ಲ? ಸ್ಟೇಷನ್ ಬರಲ್ಲ, ಕೊರಕೊರ ಸದ್ದು ಮಾತ್ರ ಜೋರಾಗಿರುತ್ತೆ. ಉರಿ ಇದೆ ಅಂದ್ರೆ ಕಾಲು ಚೆನ್ನಾಗಿದೆ ಅಂತ ಅಲ್ಲ."

ಆಸ್ಪತ್ರೆಯಲ್ಲಿ ಕಿರುಬೆರಳು ತೆಗೆದರು. ಮಾತ್ರೆ ಸಾಲದೆಂದು ಇನ್ಸುಲಿನ್ ಸೂಜಿ ಶುರುವಾಯಿತು. ಮನೆಗೆ ಕಳಿಸುವಾಗ, ದಿನಾ ಗಾಯ ತೊಳೆದು ಹೊಸ ಬಟ್ಟೆ ಕಟ್ಟಲೇಬೇಕು, ಎರಡೂ ಅಂಗಾಲನ್ನು ಕಣ್ಣಾರೆ ನೋಡಲೇಬೇಕು ಎಂದರು. ನನಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ. ಅಕ್ಕ ಒಮ್ಮೆ ನೋಡಿ, "ನಂಗೆ ತಲೆ ಸುತ್ತುತ್ತೆ ಕಣಪ್ಪಾ" ಎಂದು ತಮ್ಮನಿಗೆ ಹೇಳಿ ಕೆ.ಆರ್. ಪುರದ ಬಸ್ಸು ಹತ್ತಿದ್ದರು. ಉಳಿದವರು ನನ್ನ ಗಂಡ ಒಬ್ಬರೇ.

ಮೊದಲ ದಿನ ಅವರು ಕರವಸ್ತ್ರದಲ್ಲಿ ಕರ್ಪೂರ ಕಟ್ಟಿ ಮೂಗಿಗೆ ಬಿಗಿದುಕೊಂಡು ನನ್ನ ಮುಂದೆ ಮಣೆ ಹಾಕಿ ಕೂತರು. ಬಟ್ಟೆಯ ಕೊನೆಯ ಸುತ್ತು ಬಿಚ್ಚಿದಾಗ ಎದ್ದು ಓಡಿದರು. ಹಿತ್ತಲಿನಲ್ಲಿ ವಾಂತಿ ಮಾಡಿದ್ದು ಕೇಳಿಸಿತು. ಬಾಯಿ ಮುಕ್ಕಳಿಸಿ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು ಮತ್ತೆ ಬಂದು ಕೂತರು.

"ಥೂ! ಎಂಥ ಅಸಹ್ಯ!" ಎಂದರು, ಹತ್ತಿಯಲ್ಲಿ ಕೀವು ಒರೆಸುತ್ತಾ.

ನನಗೆ ಅಳು ಬಂತು. "ಅಷ್ಟು ಅಸಹ್ಯ ಆದ್ರೆ ಬಿಟ್ಬಿಡಿ ರೀ."

"ಬಿಟ್ರೆ ಇನ್ನೂ ಅಸಹ್ಯ ಆಗುತ್ತೆ. ಸುಮ್ನೆ ಕಾಲು ಚಾಚು."

ದಿನ ಕಳೆದಂತೆ ಅವರಿಗೆ ಅಭ್ಯಾಸವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಆಗಲಿಲ್ಲ. ಕೊನೆಯವರೆಗೂ ಅವರ ಮುಖ ಹಿಂಡಿಕೊಂಡೇ ಇತ್ತು, ಪ್ರತಿ ಸಲವೂ ಥೂ ಎಂದೇ ಶುರು. ನನಗೂ ಕೋಪ ಬರುತ್ತಿತ್ತು; ಒಮ್ಮೆ ತಂಬಿಗೆ ಎಸೆದದ್ದೂ ಉಂಟು. ಅವರು ಅದನ್ನು ಎತ್ತಿಟ್ಟು, ನೆಲ ಒರೆಸಿ, ಬಿಟ್ಟಲ್ಲಿಂದ ಮುಂದುವರಿಸಿದರು. ಆದರೆ ಕೈ ಎಂದೂ ಒರಟಾಗಲಿಲ್ಲ. ಕಾರ್ಖಾನೆಯ ನಯವಾದ ಉಕ್ಕಿನಲ್ಲಿ ಗೀರು ಹುಡುಕುವ ಕಣ್ಣಿನಿಂದಲೇ ನನ್ನ ಅಂಗಾಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಮೂತ್ರದ ಬಣ್ಣ ನೋಡುವುದನ್ನೂ ನನ್ನಿಂದ ಕಿತ್ತುಕೊಂಡರು. "ನಿನ್ನ ಕಣ್ಣಿಗೆ ಎಲ್ಲಾ ಹಸಿರೇ. ಇದು ಹಳದಿ. ಮಧ್ಯಾಹ್ನ ಏನು ತಿಂದೆ, ನಿಜ ಹೇಳು."

"ಒಂದು ಬಾಳೆಹಣ್ಣು."

"ನೀನು ತಿಂದಿದ್ದನ್ನ ನಾನು ಮೂಸಬೇಕು ನೋಡು. ಥೂ."

ಹೀಗೆ ಗಾಯ ಮಾಯುತ್ತಾ ಬಂದು, ಇನ್ನೇನು ಮುಚ್ಚಿತು ಅನ್ನುವಾಗ ಅಕ್ಕನ ಮಗಳ ಮದುವೆ ಬಂತು. ಕೆ.ಆರ್. ಪುರದ ಮನೆಯ ಮುಂದೆ ಚಪ್ಪರ. ಎದುರುಬದುರು ಎರಡು ಸಾಲು ಎಲೆ. ನನ್ನೆದುರಿಗೆ ನನ್ನ ಗಂಡ. ನಾನು ಮಣೆಯ ಮೇಲೆ ಕಾಲು ಮಡಚಲಾಗದೆ ಒಂದು ಪಕ್ಕಕ್ಕೆ ಚಾಚಿ ಕೂತಿದ್ದೆ. ಲಾಡು ಬಡಿಸುತ್ತಾ ಬಂದ ಅಕ್ಕ ನನ್ನ ಮುಂದೆ ನಿಂತರು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಒಂದು ತಿಂದ್ರೆ ಏನೂ ಆಗಲ್ವೇ. ಮದುವೆ ಮನೇಲಿ ಸಿಹಿ ಬೇಡ ಅನ್ಬಾರ್ದು."

"ಬೇಡ ಅಕ್ಕ, ದಮ್ಮಯ್ಯ."

"ನನ್ನ ಮೇಲಾಣೆ" ಎಂದವರೇ ಬಗ್ಗಿ ಲಾಡನ್ನು ನನ್ನ ತುಟಿಗೆ ಒತ್ತಿದರು. ತುಪ್ಪದ ಜಿಡ್ಡಿನ ಬೆರಳು ಹಲ್ಲಿಗೆ ತಾಗಿತು. ಅಕ್ಕಪಕ್ಕದವರು ನಕ್ಕು, "ತಿನ್ನಿ, ತಿನ್ನಿ" ಎಂದರು. ನನಗೆ ಉಗುಳಲೂ ಆಗದು, ನುಂಗಲೂ ಆಗದು.

ಎದುರು ಸಾಲಿನಿಂದ ನನ್ನ ಗಂಡನ ದನಿ ಬಂತು. ಎಂದೂ ಪಂಕ್ತಿಯಲ್ಲಿ ಮಾತಾಡದ ಮನುಷ್ಯ.

"ತಿನ್ಸು ಅಕ್ಕ, ಚೆನ್ನಾಗಿ ತಿನ್ಸು. ನಾಳೆಯಿಂದ ದಿನಾ ಹಲಸೂರಿಗೆ ಬಾ. ಅವಳ ಕಾಲಿನ ಕೀವು ತೆಗೆಯೋದು ಹೇಗೆ ಅಂತ ಹೇಳ್ಕೊಡ್ತೀನಿ. ಮೊದಲು ಹಳದಿ ಬರುತ್ತೆ, ಈ ತೊವ್ವೆ ಇದೆಯಲ್ಲ, ಇದೇ ಹದ. ಆಮೇಲೆ ರಕ್ತ ಬೆರೆತು ಬರುತ್ತೆ. ಬೆರಳು ಕಡಿದ ಜಾಗದಲ್ಲಿ ಹತ್ತಿ ಅಂಟ್ಕೊಂಡಿರುತ್ತೆ, ಅದನ್ನ ಮೆತ್ತಗೆ ಕೀಳ್ಬೇಕು..."

ಅವರ ಪಕ್ಕದವರು ಬಾಯಿಗೆ ಒಯ್ದ ತುತ್ತನ್ನು ಎಲೆಗೆ ಇಳಿಸಿದರು. ಇನ್ನೊಬ್ಬರು ಎದ್ದೇ ಹೋದರು.

"ಎಲೆ ಮುಂದೆ ಎಂಥ ಮಾತೋ ಇದು!" ಅಕ್ಕನ ಕಣ್ಣಲ್ಲಿ ನೀರು.

"ಎಲೆ ಮೇಲೆ ನೀನು ಬಡಿಸ್ತಿರೋದೂ ಅದೇ."

ನಾನು ಲಾಡನ್ನು ಅಂಗೈಗೆ ಉಗುಳಿ ಎಲೆಯ ಅಂಚಿಗಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಒಳಗೊಳಗೇ ನಗುವೂ ಬರುತ್ತಿತ್ತು. ಆ ಮಾತನ್ನು ಆಡಿದ ಮೇಲೆ ಅವರಿಗೂ ಊಟ ಇಳಿಯಲಿಲ್ಲ. ಬಸ್ಸಿನಲ್ಲಿ ಹಲಸೂರಿನವರೆಗೆ ಮುಖ ಬಿಳಿಚಿಕೊಂಡು ಕೂತಿದ್ದರು.

ಅಕ್ಕ ಬಹಳ ಕಾಲ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ನನ್ನ ಗಾಯ ಮುಚ್ಚಿತು. ಸೂಜಿ, ರಾಗಿ, ಸೊಪ್ಪು, ಅಳತೆಯ ಅನ್ನ. ಹೆಚ್ಚಿನ ದಿನ ಬಣ್ಣ ನೀಲಿಯಲ್ಲಿ ನಿಲ್ಲುತ್ತಿತ್ತು. ಡಾಕ್ಟರು ಹೇಳಿದಂತೆ ಉರಿಯೂ ಮೆತ್ತಗೆ ಇಳಿಯಿತು. ಪೂರಾ ಹೋಗಲಿಲ್ಲ, ಸಂಜೆಯಾದರೆ ಈಗಲೂ ಇರುವೆ ಹರಿದ ಹಾಗಾಗುತ್ತದೆ. ನಾವು ಇಂದಿರಾನಗರದ ಹೊಸ ಬಡಾವಣೆಗೆ ಮನೆ ಬದಲಿಸಿದೆವು.

ಆ ಮನೆಗೆ ಒಂದು ಬೆಳಿಗ್ಗೆ ಅಕ್ಕ ಬಂದರು. ಸೊರಗಿದ್ದರು. ಬಂದವರೇ ಒಂದು ಚೊಂಬು ನೀರು ಕುಡಿದು, ಇನ್ನೊಂದು ಕೇಳಿದರು. ಆಮೇಲೆ ಚೀಲದಿಂದ ಪತ್ರಿಕೆಯಲ್ಲಿ ಸುತ್ತಿದ ಸಣ್ಣ ಸೀಸೆ ತೆಗೆದು, ತಮ್ಮನ ಮುಖ ನೋಡದೆ ಚಾಚಿದರು.

"ಅದೇನೋ ಬಣ್ಣ ನೋಡ್ತೀಯಂತಲ್ಲ. ನಂದೂ ಒಂದು ಸಲ ನೋಡೋ."

ನನ್ನ ಗಂಡ ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, "ಥೂ" ಎನ್ನುತ್ತಾ ಹಿತ್ತಲಿಗೆ ಹೋದರು. ಅಕ್ಕ ಮೆಟ್ಟಿಲ ಮೇಲೆ ಕೂತು ದೀಪವನ್ನೇ ನೋಡುತ್ತಿದ್ದರು. ನೀಲಿ ಹಸಿರಾಯಿತು. ಹಸಿರಿನಲ್ಲಿ ನಿಲ್ಲಲಿಲ್ಲ.

"ಕೆಂಪು" ಎಂದರು ನನ್ನ ಗಂಡ. "ನಾಳೆ ಬೆನ್ಸನ್ ಟೌನಿಗೆ ಹೋಗೋಣ. ನಾನೂ ಬರ್ತೀನಿ."

ನಾನು ಸಕ್ಕರೆ ಹಾಕದೆ ಕಾಫಿ ಮಾಡಿ ತಂದುಕೊಟ್ಟೆ. ಅಕ್ಕ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ದಿನಾ ಹೀಗೇ ಕುಡೀಬೇಕೇನೇ?"

"ಹೂಂ ಅಕ್ಕ" ಎಂದೆ. ಅವರು ಮತ್ತೊಂದು ಗುಟುಕು ಕುಡಿದರು.